ಪಟ್ಟಿ ಹಿಡಿಯುವ ಕೆಲಸ

"ಲೇ ಹೊನ್ನಿ, ಬಾರೇ, ಪಟ್ಟಿ ಹಿಡ್ಕ!"

ಅಂಗಳದಿಂದ ಕೂಗು ಬಂದಾಗ ಹೊನ್ನಕ್ಕ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಲಾಳಿ ಕೈಯಲ್ಲೇ ಉಳಿಯಿತು. ಬೆಳಗಿನಿಂದ ಇದು ಎಷ್ಟನೇ ಸಲವೋ.

ಗಂಡ ಪಾಲಾಕ್ಷ ಬಡಗಿ. ಅವನು ಚಳ್ಳಕೆರೆಯಿಂದ ಮರದ ಅಂಚು ಕೊರೆಯುವ ರೂಟರ್ ಮಷಿನ್ ತಂದ ದಿನದಿಂದ ಅವಳಿಗೆ ಇದೊಂದು ಕೆಲಸ ಗಂಟುಬಿದ್ದಿತ್ತು. ಉದ್ದನೆಯ ಹಲಗೆಯ ಮೇಲೆ ನೇರವಾದ ಪಟ್ಟಿಯಿಟ್ಟು, ಮಷಿನ್ನನ್ನು ಅದಕ್ಕೆ ಒತ್ತಿಕೊಂಡು ಓಡಿಸಿದರೆ ಅಂಚು ಗೆರೆ ಎಳೆದಂತೆ ಬರುತ್ತದೆ. ಆದರೆ ಪಟ್ಟಿ ಅಲುಗಬಾರದು. ಕಚ್ಚಿ ಹಿಡಿಯಲೆಂದೇ ಎರಡು ಕ್ಲ್ಯಾಂಪು ತಂದಿದ್ದ. ಅವು ಎಣ್ಣೆ ಕಾಗದ ಸುತ್ತಿಕೊಂಡು ಅಟ್ಟದ ಮೇಲೆ ಕೂತಿದ್ದವು. "ಹೊಸಾವು, ಸವೀತಾವೆ. ದೊಡ್ಡ ಕೆಲ್ಸ ಬಂದಾಗ ತೆಗದ್ರಾತು," ಎನ್ನುತ್ತಿದ್ದ. ಹೆಂಡತಿಯ ಕೈ ಸವೆಯುವುದಿಲ್ಲವಲ್ಲ!

ಹೊನ್ನಕ್ಕನ ಹಿಂದಿನ ಸೀರೆಯನ್ನು ಸಾಹುಕಾರ ಮುರುಗೇಂದ್ರಪ್ಪ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಿದ್ದರು. ಅವಳು ನಡುವೆ ಎದ್ದುಹೋಗಿ ಬಂದು ಮತ್ತೆ ನೇಯ್ದ ಕಡೆಯೆಲ್ಲ ಅಡ್ಡಗೆರೆ ಬಿದ್ದಿತ್ತು. "ಏನಮ್ಮ ಇದು, ಬಾಸುಂಡೆ ಎದ್ದಂಗೈತೆ? ಇದೊಂದ್ಸಲ ನೂಲು ಕೊಡ್ತೀನಿ. ಇನ್ನೂ ಹಿಂಗೇ ಬಂದ್ರೆ ಬೇರೆ ಮಗ್ಗ ನೋಡ್ಕಂತೀನಿ."

ಮದುವೆಗೆ ಮುಂಚೆ ಅವ್ವನ ಹತ್ತಿರ ಕಲಿತ ಕೆಲಸ. ಇಲ್ಲಿಯವರೆಗೆ ಯಾರೂ ಬೆರಳು ತೋರಿಸಿರಲಿಲ್ಲ. ಈಗ ಮಗ್ಗದ ಮೇಲಿದ್ದದ್ದು ಆ ಕೊನೆಯ ನೂಲಿನ ಸೀರೆ.

ಆದರೂ ಎದ್ದು ಹೋಗಿ ಪಟ್ಟಿ ಅದುಮಿ ಹಿಡಿದಳು. ಮಷಿನ್ ಅರ್ಧ ಹಲಗೆ ದಾಟುವಷ್ಟರಲ್ಲಿ ಒಲೆಯ ಮೇಲೆ ಅನ್ನ ಉಕ್ಕಿ ಚುಂಯ್ ಎಂದಿತು. ಅವಳು ಅತ್ತ ತಿರುಗಿದಳು, ಪಟ್ಟಿ ಜಾರಿತು, ತಿರುಗುತ್ತಿದ್ದ ಮಷಿನ್ ಮುಂದೆ ಹೋಗದೆ ಅಲ್ಲೇ ನಿಂತಿತು.

"ನಡುವೆ ನಿಲ್ಸಂಗಿಲ್ಲ ಅಂತ ಎಷ್ಟು ಸಲ ಹೇಳ್ಲಿ? ನೋಡು, ನಿಂತ ಕಡೆ ಸುಟ್ಟು ಕರ್ರಗಾತು. ಅಂಚು ಹಾವು ಹರಿದಂಗೆ ಬಂತು. ಪಟ್ಟಿ ಹಿಡಿಯಾಕೂ ಬರಲ್ವೇನೇ?"

"ಅನ್ನ ಉಕ್ತು ಕಣ್ರಿ."

"ಉಕ್ಲಿ ಬಿಡು. ಅದನ್ನ ಆಮ್ಯಾಲೆ ನೋಡಿದ್ರಾಗ್ತಿತ್ತು."

"ಹಂಗಾರೆ ಮಧ್ಯಾಹ್ನಕ್ಕೆ ಹಲಗೇನೇ ಬಡಿಸ್ತೀನಿ, ಉಣ್ರಿ."

ಅನ್ನ ಇಳಿಸಿ, ಸಾರಿಗಿಟ್ಟು ಮಗ್ಗಕ್ಕೆ ಬಂದು ನಾಲ್ಕು ಎಳೆ ಹೊಡೆದಳು. ಬಾಗಿ ನೋಡಿದಳು. ಬಿಟ್ಟು ಹೋದ ಕಡೆಯೇ ತೆಳ್ಳಗೆ ಗೆರೆ. ಆ ಎಳೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮತ್ತೆ ನೇಯುವಾಗ ಕಣ್ಣು ಉರಿಯಿತು.

"ಲೇ ಹೊನ್ನಿ!"

ಈ ಸಲ ಲಾಳಿ ನಿಲ್ಲಲಿಲ್ಲ. "ನಂದೂ ನಡುವೆ ನಿಲ್ಸಂಗಿಲ್ಲ ಕಣ್ರಿ. ಅಟ್ಟದ ಮ್ಯಾಗೆ ಇಬ್ರು ಸುಮ್ನೆ ಕೂತವ್ರಲ್ಲ, ಅವರನ್ನ ಕರೀರಿ!"

ಗೊಣಗಾಟ ಕೇಳಿಸಿತು, ಆಮೇಲೆ ಏಣಿ ಎಳೆದ ಸದ್ದು. ಸ್ವಲ್ಪ ಹೊತ್ತಿಗೆ ಮಷಿನ್ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿನಲ್ಲಿ ಗುಂಯ್‌ಗುಟ್ಟಿತು.

"ಗಾದ್ರಪ್ಪಾ, ಬಾರಲೇ ಇಲ್ಲಿ!" ಪಕ್ಕದ ಮನೆಯವನನ್ನು ಪಾಲಾಕ್ಷ ಕೂಗಿ ಕರೆದ. "ಅಂಚು ನೋಡು, ಗಾಜಿನಂಗೈತೆ. ಕೈಗೆ ಹದ ಸಿಕ್ತು ನೋಡು!"

ಕೈಗಂತೆ, ಹದವಂತೆ. ಹೊನ್ನಕ್ಕ ಹಲ್ಲು ಕಚ್ಚಿದಳು.

"ಹೊನ್ನೀ, ನೀನೂ ಬಂದು ನೋಡೇ!"

"ಸೆರಗು ಮುಗ್ಸಿ ಬರ್ತೀನಿ. ಅಲ್ಲೀತಂಕ ಸಾರು ನೋಡ್ಕಳ್ರಿ."

ಪಾಲಾಕ್ಷ ಬಾಗಿಲಿನಿಂದ ತಲೆ ಒಳಗೆ ಹಾಕಿದ.

"ಸಾರಾ? ಅದ್ರಾಗೆ ಏನು ನೋಡ್ಬೇಕು?"

ಅವಳು ಲಾಳಿಯನ್ನು ಆ ಕಡೆಗೆ ಎಸೆದಳು.