ತೂಕದ ಮರ್ಮ ಹುಡುಕುತ್ತ ನಂಗಲಿವರೆಗೆ

ಮಾವಿನ ಕಾಲದಲ್ಲಿ, ಜನರ ತೂಕ ಯಾಕೆ ಇಳಿಯುತ್ತಿಲ್ಲ ಎಂದು ಕೇಳಿಕೊಂಡು ಕೋಲಾರದ ಕಡೆ ಹೋಗುವುದು ತಲೆಕೆಟ್ಟವರ ಕೆಲಸ ಎಂದು ಬೆಂಗಳೂರಿನಲ್ಲಿ ನನಗೆ ಯಾರೂ ಹೇಳಲಿಲ್ಲ. ನಾನು ಆಸ್ಪತ್ರೆಯೊಂದರ ಆಹಾರ ತಜ್ಞ. ತೂಕ ಇಳಿಸುವ ನಮ್ಮ ಸಂಶೋಧನೆಗೆ ಸೇರಿದ್ದ ಆ ಕಡೆಯವರು ವಾರ್ಡಿನಲ್ಲಿದ್ದಾಗ ಚೆನ್ನಾಗಿಯೇ ತೂಕ ಇಳಿಸಿಕೊಂಡಿದ್ದರು. ಮನೆಗೆ ಹೋದ ಮೇಲೆ, ನಾವು ಬರೆದುಕೊಟ್ಟ ಊಟದ ಚೀಟಿ ನೋಡಿಕೊಂಡೇ ಉಂಡರೂ, ತೂಕದ ಮುಳ್ಳು ಮೇಲಕ್ಕೇ ಹೋಗುತ್ತಿತ್ತು. ಕಣ್ಣಾರೆ ನೋಡಿಕೊಂಡು ಬಾ ಎಂದು ನಮ್ಮ ಡಾಕ್ಟರು ಕಳಿಸಿದರು. ಮುಖ್ಯವಾಗಿ ನಂಗಲಿಯ ರತ್ನಮ್ಮನವರಿಗಾಗಿ. ಅವರ ಮಂಡಿ ಸವೆದಿತ್ತು. ಇನ್ನಷ್ಟು ತೂಕ ಇಳಿಯದೆ ಆಪರೇಷನ್ ಇಲ್ಲ ಎಂದು ಮೂಳೆ ಡಾಕ್ಟರು ಹೇಳಿಬಿಟ್ಟಿದ್ದರು. ತಮ್ಮ ಹಿಪ್ಪುನೇರಳೆ ತೋಟಕ್ಕೆ ಮತ್ತೆ ನಡೆದುಹೋಗಬೇಕೆಂಬುದು ಆಕೆಯ ಒಂದೇ ಆಸೆ.

ಬೆಳಗಿನ ರೈಲಿನಲ್ಲಿ ಮಾಲೂರಿನಲ್ಲಿ ಇಳಿದು, ಆಟೋ ಹಿಡಿದು ಶಿವಾರಪಟ್ಟಣ ತಲುಪಿದೆ. ಬೀದಿಯುದ್ದಕ್ಕೂ ಉಳಿಯ ಸದ್ದು. ಹೊತ್ತಿಗೊಂದೇ ಮುದ್ದೆ ಎಂದು ನಾವು ಬರೆದುಕೊಟ್ಟಿದ್ದೆವು. ವಿಗ್ರಹ ಕೆತ್ತುವ ನಾಗರಾಜಾಚಾರಿಯವರ ತಟ್ಟೆಯಲ್ಲೂ ಒಂದೇ ಇತ್ತು. ನಮ್ಮ ವಾರ್ಡಿನ ಮೂರು ಮುದ್ದೆ ಅದರಲ್ಲಿ ಹಿಡಿಯುತ್ತಿದ್ದವು.

"ಎರಡು ಉಣ್ಬೇಡಿ ಅಂದ್ರಲ್ಲ ಸಾರ್, ಅದಕ್ಕೇ ಎಲ್ಲಾ ಸೇರಿಸಿ ಒಂದೇ ಕಟ್ಟಿಸ್ತೀನಿ," ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಮಧ್ಯಾಹ್ನ ಬಸ್ಸಿನಲ್ಲಿ ಕೋಲಾರಕ್ಕೆ, ಅಲ್ಲಿಂದ ಶ್ರೀನಿವಾಸಪುರಕ್ಕೆ. ಬಸ್ಸಿನ ತುಂಬ ಮಾವಿನ ಘಮ. "ಹಸಿವಾದರೆ ಹಣ್ಣು ತಿನ್ನಿ" ಎಂಬ ಸಾಲು ಬರೆದವನು ನಾನೇ. ತೋಟದ ಮನೆಯ ಶ್ರೀರಾಮಪ್ಪ ಇಡೀ ಚೀಟಿಯಲ್ಲಿ ಅದೊಂದನ್ನು ಬಾಯಿಪಾಠ ಮಾಡಿದ್ದರು. "ಈ ಎರಡು ತಿಂಗ್ಳು ಹಸಿವು ಜಾಸ್ತಿ ಸಾರ್," ಎಂದು ನನ್ನ ಕೈಗೂ ಒಂದು ಮಲಗೋಬ ಇಟ್ಟರು. ತಿಂದೆ. ಇನ್ನೊಂದನ್ನೂ ತಿಂದೆ. ಕೋಲಾರಕ್ಕೆ ವಾಪಸಾಗಿ, ಲಾಡ್ಜಿನಲ್ಲಿ ಊಟ ಬಿಟ್ಟು ಮಲಗಿದೆ.

ಮರುದಿನ ಮುಳಬಾಗಿಲಿಗೆ ಸುಮಾರು ಮೂವತ್ತು ಕಿಲೋಮೀಟರ್ ಹೋಗಿ, ಬಸ್ಸು ಬದಲಿಸಿ ನಂಗಲಿಯಲ್ಲಿ ಇಳಿದೆ. ಸುಡುವ ಬಿಸಿಲು, ಹೆದ್ದಾರಿಯಲ್ಲಿ ಲಾರಿಗಳ ಸಾಲು. ರತ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಎದ್ದು ನಿಂತರು. ಊಟ ಆಗಲೇ ಮುಗಿಸಿದ್ದರಂತೆ. ಏನೇನು ಉಂಡಿರಿ ಎಂದು ಕೆದಕಿ ವಿಚಾರಿಸಿದೆ. ಅಂಗೈಯೊಳಗೆ ಅಡಗುವ ಮುದ್ದೆ, ಎಣ್ಣೆ ಕಾಣದ ಸೊಪ್ಪಿನ ಸಾರು. ಮಾವಿನಹಣ್ಣು ಮುಟ್ಟುತ್ತಲೇ ಇರಲಿಲ್ಲ. ಒಂದು ತಪ್ಪೂ ಸಿಗದೆ ನನಗೆ ಸಿಟ್ಟೇ ಬಂತು.

ಅಷ್ಟರಲ್ಲಿ ರತ್ನಮ್ಮ ನನಗೆ ಎಲೆ ಹಾಕಿದರು. ಮುದ್ದೆ, ಹುರುಳಿ ಬಸ್ಸಾರು, ಅನ್ನ, ತುಪ್ಪ, ಪಾಯಸ. ಪಕ್ಕದಲ್ಲೇ ತಮಗೂ ಒಂದು ತಟ್ಟೆ ಇಟ್ಟುಕೊಂಡು ಕುಳಿತರು.

"ಊಟ ಆಯ್ತು ಅಂದ್ರಲ್ಲಮ್ಮ?"

"ಅದು ನನ್ನೂಟ ಸಾರ್. ಇದು ನಿಮ್ ಜೊತೆಗೆ, ಇದು ಲೆಕ್ಕಕ್ಕಿಲ್ಲ. ಮನೆಗ್ ಬಂದೋರ್ನ ಒಂಟಿಯಾಗಿ ಉಣ್ಣೋಕೆ ಬಿಡ್ತಾರಾ?"

"ಹೀಗೆ ಯಾರ್ಯಾರು ಬರ್ತಾರೆ?"

"ಇನ್ಯಾರು, ನಿಮ್ಮೋರೇ. ಸೋಮವಾರ ತೂಕ ನೋಡೋ ಅಮ್ಮಾಯಿ, ಗುರುವಾರ ಬಿಪಿ ನೋಡೋ ಸಿಸ್ಟರು, ಶನಿವಾರ ಬುದ್ಧಿ ಹೇಳೋ ಮೇಡಮ್ಮು. ಆಯಮ್ಮಂಗೆ ಪಾಯಸ ಅಂದ್ರೆ ಪ್ರಾಣ."

ಮನೆ ಭೇಟಿಯೇ ನಮ್ಮ ಯೋಜನೆಯ ಜೀವಾಳ ಎಂದು ಆಸ್ಪತ್ರೆಯ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದವನು ನಾನು. ನಗುವೂ ಬಂತು, ನಾಚಿಕೆಯೂ ಆಯಿತು. ಈ ಲೆಕ್ಕಕ್ಕಿಲ್ಲದ ಊಟವೇ ತೂಕ ಏರಿಸುತ್ತಿದೆ ಎಂದು ಆಕೆಗೆ ಬಿಡಿಸಿ ಹೇಳಿ, ಊಟ ಬೇಡ ಎಂದು ಎದ್ದೆ. ರತ್ನಮ್ಮನ ಮುಖ ಕಪ್ಪಿಟ್ಟಿತು.

"ಬಾಗಿಲಿಗ್ ಬಂದೋರು ಹಸ್ಕೊಂಡ್ ಹೋಗೋದಾದ್ರೆ, ಈ ಮಂಡಿ ನೆಟ್ಟಗಾಗಿ ನಾನೇನ್ ಮಾಡ್ಲಿ ಸಾರ್?"

ಚೌಕಾಸಿ ನಡೆದು ಕೊನೆಗೊಂದು ಒಪ್ಪಂದಕ್ಕೆ ಬಂದೆವು. ನಾನು ಉಣ್ಣಬೇಕು, ಅವರು ಉಣ್ಣಬಾರದು. ತಟ್ಟೆ ಒಳಗಿಟ್ಟು ಬಂದು ಎದುರಿಗೆ ಕುಳಿತರು. ಅಂಥ ಕಷ್ಟದ ಊಟವನ್ನು ನಾನು ಮಾಡಿದ್ದಿಲ್ಲ. ನಾನು ತುತ್ತು ಎತ್ತಿದಾಗಲೆಲ್ಲ ಆಕೆಯ ಕೈಯೂ ತಾನಾಗಿ ಏಳುತ್ತಿತ್ತು, ಮತ್ತೆ ತೊಡೆಯ ಮೇಲೆ ಬೀಳುತ್ತಿತ್ತು. ತಪ್ಪು ಮಾಡಿದವರಂತೆ ಅತ್ತಿತ್ತ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಬೀಸಣಿಗೆ ಎಳೆದುಕೊಂಡು ನನಗೆ ಗಾಳಿ ಬೀಸತೊಡಗಿದರು.

"ಇದು ಮಾಡ್ಬೋದಾ ಸಾರ್?"

"ಮಾಡ್ಬೋದಮ್ಮ," ಎಂದೆ. ಪಾಯಸ ಇನ್ನೂ ಬಾಕಿ ಇತ್ತು.