ಅಪ್ಪನ ಅಂಗಿಯ ಗುಂಡಿ

ತಂಗಿ ಊರಿನಿಂದ ಕಳಿಸಿದ ಡಬ್ಬಿಯನ್ನು ದುಬೈಯ ನೈಫ್ ಬಡಾವಣೆಯ ನನ್ನ ಕೋಣೆಯಲ್ಲಿ ತೆರೆದೆ. ತುಪ್ಪದ ಉಂಡೆಗಳ ವಾಸನೆಗೆ ಅಮ್ಮ ನೆನಪಾದಳು.

ಅಪ್ಪ ದುಬೈಯಿಂದ ರಜೆಗೆ ಬಂದರೆ ಅಮ್ಮನದು ಒಂದೇ ಪರೀಕ್ಷೆ. ಅವರು ಹಿಂದಿನ ಸಲ ಬಿಟ್ಟುಹೋಗಿದ್ದ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ತೊಡಿಸುವಳು. ಹೊಟ್ಟೆಯ ಮೇಲೆ ಗುಂಡಿ ಕೂಡದಿದ್ದರೆ ನೆರೆಮನೆಯವರನ್ನೆಲ್ಲ ಕರೆದು ತೋರಿಸುವಳು. "ನೋಡಿ, ಅಲ್ಲಿ ಇವರಿಗೆ ಎಂತದೂ ಕಮ್ಮಿ ಇಲ್ಲ!"

ಅಪ್ಪನಿಗೆ ಬಗ್ಗಲಾಗುತ್ತಿರಲಿಲ್ಲ, ಶೂಸ್ ನಾನೇ ಕಟ್ಟುತ್ತಿದ್ದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಮಗೆ ಅದೂ ದೊಡ್ಡಸ್ತಿಕೆಯೇ. ಒಬೀಸಿಟಿ ಎಂಬ ಪದವನ್ನು ನಾನು ಕಾಲೇಜಿನಲ್ಲಿ ಕಲಿತೆ, ಸ್ಪೆಲಿಂಗ್ ಈಗಲೂ ಬಾರದು. ಅಪ್ಪನ ಹೃದಯ ನಿಂತಾಗಲೂ ಅಮ್ಮ, "ಯಾರದೋ ಕಣ್ಣು ಬಿತ್ತು" ಎಂದಳು. ಬೊಜ್ಜೂ ಒಂದು ರೋಗವೆಂದು ಮನೆಯವರಿಗೆಲ್ಲ ಹೇಗೆ ಹೇಳುವುದು?

ಡಾಕ್ಟರ್ ಬೈದ ಮೇಲೆ ನಾನು ಕಷ್ಟಪಟ್ಟು ತೂಕ ಇಳಿಸಿದ್ದೇನೆ. ಉಂಡೆ ತಲುಪಿತೆಂದು ಹೇಳಲು ವಿಡಿಯೋ ಕಾಲ್ ಮಾಡಿದರೆ ತಂಗಿಗೆ ಅಳು.

"ಅಣ್ಣಾ, ಅತ್ತಿಗೆ ತೀರಿಹೋದ ಮೇಲೆ ನಿನ್ನನ್ನು ನೋಡುವವರೇ ಇಲ್ಲ. ಅಂಗಿ ನೇತಾಡ್ತಾ ಉಂಟು!"

"ಮಾರಾಯ್ತಿ, ಈಗ ನನ್ನ ಶೂಸ್ ನಾನೇ ಕಟ್ಟಿಕೊಳ್ತೇನೆ, ಗೊತ್ತುಂಟಾ?"

"ಪಾಪ, ಅದನ್ನು ಕಟ್ಟಿಕೊಡ್ಲಿಕ್ಕೂ ಯಾರೂ ಇಲ್ಲ" ಎಂದು ಅವಳು ಇನ್ನಷ್ಟು ಅತ್ತಳು.