ಅವ್ವನ ಹಾಡಿನ ಹಿಂದಿನ ದನಿ

ಹೆಡ್‌ಫೋನ್ ಕಿವಿಗೆ ಹಾಕಿಕೊಂಡವಳು ಬೆಚ್ಚಿಬಿದ್ದು ತೆಗೆದುಬಿಟ್ಟೆ. ಅವ್ವನ ಹಾಡಿನ ಹಿಂದೆ ಗಂಡು ದನಿಯೊಂದು ಜೊತೆಗೆ ಗುನುಗುವುದು ಕೇಳಿಸಿತ್ತು!

ಒಳ್ಳೆಯ ಹೆಡ್‌ಫೋನ್ ಕೊಳ್ಳಲೆಂದು ಜಮಖಂಡಿಯ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಹಚ್ಚುವ ಹಾಡನ್ನು ನಂಬಬಾರದೆಂದು ನನ್ನ ಫೋನಿನದನ್ನೇ ಹಚ್ಚಿದ್ದೆ. ತೀರಿಕೊಂಡ ಅವ್ವ ಹಿಂದೊಮ್ಮೆ ಅಡುಗೆಮನೆಯಲ್ಲಿ ಹಾಡುವಾಗ ನಾನು ರೆಕಾರ್ಡ್ ಮಾಡಿಕೊಂಡಿದ್ದು ಅದು. ಫೋನಿನ ಸ್ಪೀಕರಿನಲ್ಲಿ ಎಷ್ಟೋ ಸಲ ಕೇಳಿದ್ದೆ, ಆ ದನಿ ಮಾತ್ರ ಎಂದೂ ಕೇಳಿಸಿರಲಿಲ್ಲ.

“ಇದರಾಗ ನೀವು ಏನರೆ ಸೇರಿಸೀರೇನ್ರಿ?” ಎಂದು ಕೇಳಿಯೇಬಿಟ್ಟೆ.

ಅಂಗಡಿಯವರು ನಕ್ಕರು. “ಇದ್ದದ್ದನ್ನ ಕೇಳಸ್ತೈತ್ರಿ ಅಕ್ಕಾರ. ಇಲ್ಲದ್ದು ಎಲ್ಲಿಂದ ತರೂದು?”

ಅನುಮಾನ ಹೋಗಲಿಲ್ಲ. ಆದರೂ ಕೊಂಡು, ಬನಹಟ್ಟಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಕೇಳಿದೆ. ದನಿ ಅಪ್ಪನ ದನಿಯಂತೆಯೇ ಇತ್ತು. ಆದರೆ ಅಪ್ಪನೇ? ಅವ್ವ ಹಾಡಲು ಬಾಯಿ ತೆರೆದರೆ ಸಾಕು, “ಸಾಕ್ ಮಾಡ ನಿನ್ನ ಹಾಡು” ಎಂದು ಗದರುತ್ತಿದ್ದ ಮನುಷ್ಯ!

ಮನೆಗೆ ಬಂದವಳೇ ಏನೂ ಹೇಳದೆ ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ ಹಾಡು ಹಚ್ಚಿದೆ. ಅಪ್ಪ ಮೊದಲು ನನ್ನನ್ನು ಸಂಶಯದಿಂದ ನೋಡಿದ. ಆಮೇಲೆ ಕಣ್ಣು ಮುಚ್ಚಿದ. ತುಸು ಹೊತ್ತಿಗೆ ಅವನ ಗಂಟಲಿನಿಂದಲೂ ಅದೇ ಗುನುಗು ಹೊರಟಿತು. ನಾನು ನೋಡುತ್ತಿರುವುದು ತಿಳಿದ ಕೂಡಲೇ ನಿಲ್ಲಿಸಿದ.

“ಅಂಗಡ್ಯಾವ ಮೋಸ ಮಾಡ್ಯಾನ. ತಿರಗಿ ಕೊಟ್ಟ ಬಾ” ಎಂದ, ಹೆಡ್‌ಫೋನ್ ಕಿವಿಯಿಂದ ತೆಗೆಯದೆಯೇ.

ನಾನು ಕೊಟ್ಟು ಬರಲಿಲ್ಲ. ಅವ್ವ ಈ ಮನೆಯಲ್ಲಿ ಒಬ್ಬಳೇ ಹಾಡಿಕೊಂಡು ಹೋದಳೆಂಬ ಕೊರಗು ನನಗೆ ಈಗಿಲ್ಲ.